ಅಕ್ಕಿಯ ಜೊತೆ ಕಾಳು ಕೊಡಿ, ನಡೆಯಲು ಜಾಗ ಕೊಡಿ: ಆರೋಗ್ಯ ಮತ್ತು ಆಹಾರ ಸಚಿವರಿಗೆ ಹಾಸನ ಜಿಲ್ಲೆಯ ನಿವೃತ್ತ ನರ್ಸ್ ಒಬ್ಬರ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ ಹಾಗೂ ಮಾನ್ಯ ಆಹಾರ ಮತ್ತು ನಾಗರಿಕ ಸರಬರಾಜು ಸಚಿವರಿಗೆ,

ನಮಸ್ಕಾರಗಳು.

ಒಂದೇ ಪತ್ರವನ್ನು ಇಬ್ಬರಿಗೂ ಬರೆಯುತ್ತಿರುವುದಕ್ಕೆ ಕಾರಣವಿದೆ. ಶುಗರ್, ಬಿಪಿ, ಹೃದಯದ ಕಾಯಿಲೆಗಳು ಆರೋಗ್ಯ ಇಲಾಖೆಯ ಲೆಕ್ಕಕ್ಕೆ ಬರುತ್ತವೆ. ಆದರೆ ಅವು ಬೆಳೆಯುವುದು ಅಡುಗೆಮನೆಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಶಾಲೆಯ ಮೈದಾನದಲ್ಲಿ, ಊರಿನ ರಸ್ತೆಯಲ್ಲಿ. ಒಂದು ಇಲಾಖೆ ಮಾತ್ರೆ ಕೊಡುತ್ತದೆ, ಇನ್ನೊಂದು ಇಲಾಖೆ ಅಕ್ಕಿ ಕೊಡುತ್ತದೆ, ಎರಡೂ ಹೋಗಿ ಸೇರುವುದು ಒಂದೇ ಮನೆಗೆ. ಆ ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿದವಳಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಈ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಸೇವೆಯ ಕೊನೆಯ ವರ್ಷಗಳನ್ನು ಅಂಟುರೋಗವಲ್ಲದ ಕಾಯಿಲೆಗಳಿಗೆಂದಿರುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಕಳೆದು ನಿವೃತ್ತಳಾದೆ. ಊರಿನವರು ಅದನ್ನು ಬಿಪಿ-ಶುಗರ್ ರೂಮು ಎನ್ನುತ್ತಾರೆ. ಬೆರಳು ಚುಚ್ಚಿ ರಕ್ತ ನೋಡುವುದು, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುವುದು, ಕಾರ್ಡಿನಲ್ಲಿ ಬರೆಯುವುದು, ತಿಂಗಳ ಮಾತ್ರೆ ಎಣಿಸಿ ಕೊಡುವುದು. ಎದ್ದು ಹೊರಡುವಾಗ ಅನ್ನ ಕಮ್ಮಿ ಮಾಡಿ, ಉಪ್ಪು ಕಮ್ಮಿ ಮಾಡಿ, ವಾಕಿಂಗ್ ಮಾಡಿ ಎಂದು ಹೇಳಿ ಕಳಿಸುವುದು. ರಾಜ್ಯದ ಯಾವ ಸರ್ಕಾರಿ ಆಸ್ಪತ್ರೆಗೆ ಹೋದರೂ ಈ ಮಾತುಗಳು ಕಿವಿಗೆ ಬೀಳುತ್ತವೆ. ಮಾತು ಸರಿಯಾದದ್ದೇ. ಅದನ್ನು ಪಾಲಿಸಲು ಬೇಕಾದದ್ದು ಮಾತ್ರ ಕೇಳಿಸಿಕೊಂಡವರ ಕೈಯಲ್ಲಿಲ್ಲ, ತಮ್ಮ ಕೈಯಲ್ಲಿದೆ. ನಾನು ಹೇಳಬೇಕೆಂದಿರುವುದು ಇಷ್ಟೇ.

2025ರ ಜೂನ್, ಜುಲೈನಲ್ಲಿ ಹಾಸನದ ಹೆಸರು ದಿನಬೆಳಗಾದರೆ ಟಿವಿಯಲ್ಲಿ ಬರುತ್ತಿತ್ತು. ಇಲ್ಲಿ ವಯಸ್ಸಿನ ಹುಡುಗರು ಹೃದಯಾಘಾತದಿಂದ ಸಾಯುತ್ತಿದ್ದಾರೆ ಎಂಬ ಸುದ್ದಿ. ಜನ ಹೆದರಿಹೋದರು. ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಅವರು 24 ಸಾವುಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 20 ಸಾವು ಹೃದಯಕ್ಕೆ ಸಂಬಂಧಿಸಿದವು ಎಂದರು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಅಸಹಜವಾದ ಏರಿಕೆ ಕಾಣುತ್ತಿಲ್ಲ ಎಂದೂ ಹೇಳಿದರು. ತೀರಿಕೊಂಡವರಲ್ಲಿ ಶುಗರ್, ಬಿಪಿ, ಬೊಜ್ಜು, ಸಿಗರೇಟು, ಮದ್ಯದ ಹಿನ್ನೆಲೆ ಇದ್ದವರು ಹಲವರು. ಆಟೊ, ಟ್ಯಾಕ್ಸಿ ಓಡಿಸುವವರೂ ಎದ್ದು ಕಾಣುವಷ್ಟಿದ್ದರು.

ಅಸಹಜ ಏರಿಕೆ ಇಲ್ಲ ಎಂದು ಕೇಳಿ ಜಿಲ್ಲೆ ನಿಟ್ಟುಸಿರು ಬಿಟ್ಟಿತು. ಟಿವಿಯವರು ಬೇರೆ ಸುದ್ದಿಗೆ ಹೋದರು. ನನಗೆ ಮಾತ್ರ ಆ ಮಾತು ಕೇಳಿಯೇ ಎದೆ ಧಸಕ್ಕೆಂದಿತು. ಏರಿಕೆ ಇಲ್ಲ ಎಂದರೆ ಹಿಂದಿನ ವರ್ಷವೂ ಇಷ್ಟು ಜನ ಹೋಗಿದ್ದರು, ಅದರ ಹಿಂದಿನ ವರ್ಷವೂ ಹೋಗಿದ್ದರು, ಕ್ಯಾಮೆರಾ ಬಂದಿರಲಿಲ್ಲ ಎಂದು ತಾನೆ ಅರ್ಥ? ನಲವತ್ತು ದಾಟದ ಗಂಡಸೊಬ್ಬ ಸತ್ತರೆ ಆ ಮನೆಯಲ್ಲಿ ಏನಾಗುತ್ತದೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ಇಂಡಿಯಾಬ್ ಎಂಬ ಸಕ್ಕರೆ ಕಾಯಿಲೆಯ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆ. ಸಕ್ಕರೆ ಅಂಶ ಇರಬೇಕಾದದ್ದಕ್ಕಿಂತ ಹೆಚ್ಚು, ಕಾಯಿಲೆ ಎನ್ನುವ ಮಟ್ಟಕ್ಕೆ ಇನ್ನೂ ಬಂದಿಲ್ಲ. ವಯಸ್ಕರಲ್ಲಿ ಶೇ 35.5ರಷ್ಟು ಜನರಿಗೆ ಬಿಪಿ. ಶೇ 39.5ರಷ್ಟು ಜನರಿಗೆ ಹೊಟ್ಟೆಯ ಬೊಜ್ಜು. ನನ್ನ ಚಿಂತೆಯೆಲ್ಲ ಆ ಹೊಸ್ತಿಲಲ್ಲಿ ನಿಂತಿರುವ 13 ಕೋಟಿ 60 ಲಕ್ಷ ಜನರದ್ದು. ಅವರಿಗೆ ನಮ್ಮ ಆಸ್ಪತ್ರೆಯಲ್ಲಿ ಕಾರ್ಡಿಲ್ಲ, ಮಾತ್ರೆಯಿಲ್ಲ. 'ಬಾರ್ಡರಲ್ಲಿದೆ, ನೋಡ್ಕೊಳ್ಳಿ' ಎಂದು ಹೇಳಿ ಕಳಿಸುತ್ತೇವೆ.

ಅವರನ್ನು ಅಲ್ಲೇ ತಡೆದು ನಿಲ್ಲಿಸಬಹುದು ಎಂಬುದು ಬರೀ ಆಸೆಯ ಮಾತಲ್ಲ. ಚೀನಾದ ದಾಚಿಂಗ್ ಎಂಬ ಊರಿನಲ್ಲಿ 1986ರಲ್ಲಿ ಇಂಥ ಹೊಸ್ತಿಲಿನ ಜನರಿಗೆ ಆರು ವರ್ಷ ಊಟ ಮತ್ತು ವ್ಯಾಯಾಮದ ಅಭ್ಯಾಸ ಮಾಡಿಸಿದರು. 30 ವರ್ಷ ಕಳೆದ ಮೇಲೆ ನೋಡಿದಾಗ, ಅಭ್ಯಾಸ ಮಾಡಿಸದಿದ್ದವರಿಗಿಂತ ಇವರಿಗೆ ಸಕ್ಕರೆ ಕಾಯಿಲೆ ಸರಾಸರಿ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದಯದ ತೊಂದರೆಗಳೂ ಕಡಿಮೆ ಇದ್ದವು. ಅಮೆರಿಕದಲ್ಲಿ ಮಾಡಿದ ಇಂಥದೇ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು: ಊಟ, ನಡಿಗೆಯಿಂದ ಕಾಯಿಲೆಯ ಅಪಾಯ ಶೇ 58ರಷ್ಟು ಇಳಿಯಿತು, ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯಿಂದ ಇಳಿದದ್ದು ಶೇ 31. ನಮ್ಮ ಪಕ್ಕದ ಚೆನ್ನೈನಲ್ಲಿ ನಡೆದ ಅಧ್ಯಯನದಲ್ಲಿ ಇಳಿಕೆ ಇಷ್ಟು ದೊಡ್ಡದಿರಲಿಲ್ಲ, ಶೇ 28.5. ನಮ್ಮ ಮೈಯ ಗುಣ ಬೇರೆ, ನಮ್ಮಲ್ಲಿ ಕಾಯಿಲೆ ಬೇಗ ಮುನ್ನುಗ್ಗುತ್ತದೆ. ಹಾಗಿದ್ದೂ ಬರೀ ಊಟ, ನಡಿಗೆಯಿಂದ ಮೆಟ್‌ಫಾರ್ಮಿನ್‌ನಷ್ಟೇ ಫಲ ಸಿಕ್ಕಿತು.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುವಂತಾಯಿತು. ಅದರಿಂದ ಜೀವ ಉಳಿದಿದೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಿಂದಾಗಿ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಹೋಗಿ 30 ದಾಟಿದವರ ಬಿಪಿ, ಶುಗರ್ ನೋಡುವಂತಾಯಿತು. ಎರಡೂ ಒಳ್ಳೆಯ ಕೆಲಸ. ಒಂದು ಕಾಯಿಲೆ ಬಂದವರನ್ನು ಉಳಿಸುತ್ತದೆ, ಇನ್ನೊಂದು ಬಂದದ್ದನ್ನು ಪತ್ತೆ ಮಾಡುತ್ತದೆ. ಬಾರದಂತೆ ತಡೆಯುವ ಕೆಲಸ ಮಾತ್ರ ಗೋಡೆಯ ಮೇಲಿನ ಪೋಸ್ಟರಿನಲ್ಲೇ ಉಳಿದಿದೆ.

ಮೊದಲು ತಟ್ಟೆಯ ವಿಷಯ.

ಒಬ್ಬ ಹಿರಿಯರು ತಿಂಗಳು ತಿಂಗಳೂ ತಪ್ಪದೆ ಬರುತ್ತಿದ್ದರು. ಶುಗರ್ ಮಾತ್ರ ಇಳಿಯುತ್ತಿರಲಿಲ್ಲ. 'ಸಿಸ್ಟ್ರೇ, ಅನ್ನ ಮುಟ್ಟೋದೇ ಬಿಟ್ಟಿದೀನಿ ಕಣವ್ವ. ಮೂರು ಹೊತ್ತೂ ಮುದ್ದೆನೇ. ಮುದ್ದೆ ತಿಂದ್ರೆ ಶುಗರ್ ಬರಲ್ಲ ಅಂತಾರಲ್ಲ, ಮತ್ಯಾಕೆ ಇಳೀತಿಲ್ಲ?' ಎಂದು ಕೇಳಿದರು. ಮುದ್ದೆ ಎಷ್ಟು ದೊಡ್ಡದು ಎಂದೆ. ಎರಡೂ ಕೈ ಜೋಡಿಸಿ ತೋರಿಸಿದರು. ಏನು ಸಾರು ಎಂದೆ. 'ಏನೋ ಒಂದು ನೀರು ಸಾರು. ನಮ್ಮನೇಲಿ ಬೇಳೆ ಹಾಕೋದು ಹಬ್ಬಕ್ಕೆ.'

150 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 100 ಗ್ರಾಂ ಪಿಷ್ಟವಿರುತ್ತದೆ. ರಾಗಿಯಲ್ಲಿ ನಾರು ಹೆಚ್ಚು, ನೂರು ಗ್ರಾಂಗೆ 11 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ ಅದು ಮೂರು ಗ್ರಾಂ ಕೂಡ ಇಲ್ಲ. ಸುಣ್ಣದ ಅಂಶವಂತೂ 364 ಮಿಲಿಗ್ರಾಂ, ಬೇರೆ ಯಾವ ಧಾನ್ಯವೂ ಅದರ ಹತ್ತಿರ ಸುಳಿಯುವುದಿಲ್ಲ. ಆದರೆ ಪ್ರೋಟೀನ್ ಲೆಕ್ಕದಲ್ಲಿ ರಾಗಿ ಅಕ್ಕಿಗಿಂತ ಮೇಲೇನಲ್ಲ, ಎರಡರಲ್ಲೂ ಏಳೆಂಟು ಗ್ರಾಂ ಅಷ್ಟೆ. 2025ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನದ ಇನ್ನೊಂದು ಭಾಗ ಇದನ್ನೇ ನೇರವಾಗಿ ಹೇಳಿದೆ. ಭಾರತೀಯರ ಊಟದ ಶಕ್ತಿಯಲ್ಲಿ ಶೇ 62ರಷ್ಟು ಪಿಷ್ಟದಿಂದ ಬರುತ್ತಿದೆ. ಅಕ್ಕಿಯ ಜಾಗಕ್ಕೆ ಗೋಧಿಯೋ ಸಿರಿಧಾನ್ಯವೋ ಬಂದರಷ್ಟೇ ಸಾಲದು; ಒಟ್ಟು ಪಿಷ್ಟವೇ ಸ್ವಲ್ಪ ಇಳಿದು ಆ ಜಾಗಕ್ಕೆ ಕಾಳು, ಬೇಳೆ, ಹಾಲಿನ ಪ್ರೋಟೀನ್ ಬಂದರೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾಗುತ್ತದೆ. ಶೇ 5ರಷ್ಟು ಬದಲಾದರೂ ವ್ಯತ್ಯಾಸ ಕಾಣುತ್ತದೆ.

ನಮ್ಮ ಸೀಮೆಯ ಹಳೆಯ ಊಟ ಹಾಗೇ ಇತ್ತು. ಮುದ್ದೆ ಒಂಟಿಯಾಗಿ ತಟ್ಟೆಗೆ ಬರುತ್ತಿರಲಿಲ್ಲ. ಹುರುಳಿ ಕಟ್ಟಿನ ಸಾರು, ಮಸ್ಸೊಪ್ಪು, ಉಪ್ಪೆಸರು, ಚಳಿಗಾಲಕ್ಕೆ ಅವರೆಕಾಳು. ಬಸ್ಸಾರನ್ನೇ ನೋಡಿ: ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ತಟ್ಟೆಯಲ್ಲಿ ಮುದ್ದೆ ಎಷ್ಟಿರುತ್ತಿತ್ತೋ ಪಲ್ಯವೂ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಈ ಕಾಳುಗಳನ್ನು ಯಾರೂ ಅಂಗಡಿಯಿಂದ ತರುತ್ತಿರಲಿಲ್ಲ. ರಾಗಿ ಹೊಲದಲ್ಲೇ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಹಾಕುತ್ತಿದ್ದರು. ಹುರುಳಿ ಏನೂ ಬೇಡದೆ ಬರಡು ಹೊಲದಲ್ಲಿ ಬೆಳೆಯುತ್ತಿತ್ತು. ಈಗ ನಮ್ಮ ಕಡೆ ಶುಂಠಿ ಬಂದಿದೆ, ಮುಸುಕಿನ ಜೋಳ ಬಂದಿದೆ. ರೈತರನ್ನು ದೂರುವಂತಿಲ್ಲ, ದುಡ್ಡು ಅಲ್ಲಿದೆ. ಆದರೆ ಅಕ್ಕಡಿ ಹೋದ ಮೇಲೆ ಕಾಳೂ ಹೋಯಿತು. ಬೇಳೆಯ ಬೆಲೆ ಏರಿದ ಹಾಗೆಲ್ಲ ಸಾರು ತೆಳ್ಳಗಾಯಿತು. ತಟ್ಟೆಯಲ್ಲಿ ಖಾಲಿಯಾದ ಜಾಗವನ್ನು ಅನ್ನ ತುಂಬಿತು, ಏಕೆಂದರೆ ಪುಕ್ಕಟೆ ಸಿಗುತ್ತಿದ್ದದ್ದು ಅದೊಂದೇ.

ಆಹಾರ ಸಚಿವರೇ, ಅನ್ನಭಾಗ್ಯವನ್ನು ನಾನು ಕೀಳಾಗಿ ಕಾಣುತ್ತಿಲ್ಲ. 2013ರಲ್ಲಿ ಅದು ಬಂದಾಗ ಕೂಲಿ ಮಾಡುವವರ ಮನೆಯ ಒಲೆ ಆರದಂತೆ ಕಾಪಾಡಿತು. ಹಸಿವೆಯ ಬಗ್ಗೆ ಹೊಟ್ಟೆ ತುಂಬಿದವರು ಹಗುರವಾಗಿ ಮಾತಾಡಬಾರದು. ಈಗ ಮುಂದಿನ ಹೆಜ್ಜೆಯ ಬಗ್ಗೆ ಕೇಳುತ್ತಿದ್ದೇನೆ. ತಲೆಗೆ 10 ಕಿಲೊ ಎಂದರೆ ದಿನಕ್ಕೆ 333 ಗ್ರಾಂ. ಅದೆಲ್ಲ ಅಕ್ಕಿಯಾದರೆ ಅದೊಂದರಿಂದಲೇ ಸುಮಾರು 260 ಗ್ರಾಂ ಪಿಷ್ಟ. ಅದರ ಜೊತೆಗೆ ಬೇಳೆ ಬರದಿದ್ದರೆ ನಾವು ಆಸ್ಪತ್ರೆಯಲ್ಲಿ ಎಷ್ಟೇ ಗಂಟಲು ಹರಿದುಕೊಂಡರೂ ಅನ್ನ ಕಮ್ಮಿಯಾಗುವುದಿಲ್ಲ.

ಅದಕ್ಕೇ 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಹೆಚ್ಚುವರಿ 5 ಕಿಲೊ ಅಕ್ಕಿಯ ಬದಲು ಇಂದಿರಾ ಆಹಾರ ಕಿಟ್ ಕೊಡಲು ಒಪ್ಪಿದೆ ಎಂದು ಓದಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಆಮೇಲೆ ಪಟ್ಟಿ ನೋಡಿದೆ. ಬೇಳೆ, ಎಣ್ಣೆ, ಸಕ್ಕರೆ, ಉಪ್ಪು. ಬೇಳೆ ಇದ್ದದ್ದು ಕಂಡು ಕೈ ಮುಗಿಯಬೇಕೆನಿಸಿತು. ಸಕ್ಕರೆ, ಉಪ್ಪು ಇದ್ದದ್ದು ಕಂಡು ಈ ಪತ್ರ ಬರೆಯಲು ಕುಳಿತೆ.

ಬಡವರು ಟೀಗೆ ಸಕ್ಕರೆ ಹಾಕಿಕೊಳ್ಳಬಾರದೇ ಎಂದು ತಾವು ಕೇಳಬಹುದು. ಖಂಡಿತ ಹಾಕಿಕೊಳ್ಳಲಿ. ಅವರ ಖುಷಿಯನ್ನು ಕಿತ್ತುಕೊಳ್ಳುವ ಮಾತಲ್ಲ ಇದು. ಸಕ್ಕರೆಯನ್ನು ಅವರು ಹೇಗೂ ಕೊಳ್ಳುತ್ತಾರೆ, ಕೊಳ್ಳುವ ಶಕ್ತಿಯೂ ಇದೆ. ಕೊಳ್ಳಲು ಆಗದಿರುವುದು ಬೇಳೆ, ಕಾಳು. ಸರ್ಕಾರದ ದುಡ್ಡು ಆಗದಿರುವುದರ ಮೇಲೆ ಬೀಳಲಿ. ಆ ಒಂದು ಕಿಲೊ ಸಕ್ಕರೆಯ ದುಡ್ಡಿನಲ್ಲಿ ಇನ್ನಷ್ಟು ಹುರುಳಿ, ಅಲಸಂದೆ, ಕಡಲೆಕಾಳು ಬರಲಿ. ತೊಗರಿಬೇಳೆಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್, ಹುರುಳಿಯಲ್ಲೂ ಅಷ್ಟೇ. ತೊಗರಿಗೆ ಕಲಬುರಗಿಯೇ ನಮ್ಮ ಕಣಜ. ರಾಗಿಯನ್ನು ಬೆಂಬಲ ಬೆಲೆಗೆ ನಮ್ಮ ರೈತರಿಂದ ಕೊಂಡು ಪಡಿತರಕ್ಕೆ ಕೊಡುವ ಏರ್ಪಾಡು ತಮ್ಮ ಇಲಾಖೆಯಲ್ಲಿ ಈಗಾಗಲೇ ಇದೆ. ಹುರುಳಿ, ಅವರೆಗೆ ಕೇಂದ್ರದ ಬೆಂಬಲ ಬೆಲೆಯೇ ಇಲ್ಲ. ರಾಜ್ಯವೇ ಒಂದು ಬೆಲೆ ಕಟ್ಟಿ ಕೊಳ್ಳುತ್ತದೆ ಎಂದು ಗೊತ್ತಾದರೆ ಅಕ್ಕಡಿ ಸಾಲು ತಾನಾಗಿಯೇ ಹೊಲಕ್ಕೆ ವಾಪಸಾಗುತ್ತದೆ. ಶಾಲೆಯ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ಕೊಡುವ ಕೆಲಸ 2024ರಲ್ಲಿ ಶುರುವಾದಾಗ ಎಷ್ಟು ವಿರೋಧ, ಎಷ್ಟು ಅನುಮಾನ ಇತ್ತು. ಆದರೂ ಆಯಿತಲ್ಲ. ಸರ್ಕಾರ ಮನಸ್ಸು ಮಾಡಿದರೆ ತಟ್ಟೆ ಬದಲಾಗುತ್ತದೆ ಎನ್ನಲು ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಉಪ್ಪಿನ ಲೆಕ್ಕವನ್ನು ಒಂದು ಸಲ ಕೂತು ಮಾಡಿ ನೋಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಒಂದು ಕಿಲೊ ಎಂದರೆ ತಲೆಗೆ ದಿನಕ್ಕೆ ಎಂಟು ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಐದು ಗ್ರಾಂ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದೂ ಅಷ್ಟೇ. ಆ ಐದು ಗ್ರಾಂನಲ್ಲಿ ಉಪ್ಪಿನಕಾಯಿ, ಹಪ್ಪಳ, ನಿಪ್ಪಟ್ಟು, ಬೇಕರಿಯ ಖಾರ ಬನ್ನು, ಹೋಟೆಲಿನ ಬೋಂಡ ಎಲ್ಲದರ ಉಪ್ಪೂ ಸೇರಿರಬೇಕು. (ನಾಡಿನ ಊರೂರಿಗೆ ಅಯ್ಯಂಗಾರ್ ಬೇಕರಿ ಕೊಟ್ಟವರು ನಮ್ಮ ಜಿಲ್ಲೆಯವರೇ, ಆ ಬ್ರೆಡ್ಡಿನ ರುಚಿ ನನಗೂ ಇಷ್ಟ. ಅದರಲ್ಲಿರುವ ಉಪ್ಪು ನಾಲಿಗೆಗೆ ಗೊತ್ತಾಗುವುದಿಲ್ಲ, ಅಷ್ಟೇ.) ಒಂದು ಇಲಾಖೆಯ ಕಿಟ್ಟಿನಲ್ಲಿ ಎಂಟು ಗ್ರಾಂ, ಇನ್ನೊಂದು ಇಲಾಖೆಯ ಪೋಸ್ಟರಿನಲ್ಲಿ ಐದು ಗ್ರಾಂ ಎಂದರೆ ಜನ ಯಾರ ಮಾತು ನಂಬಬೇಕು?

ಅಯೋಡಿನ್ ಉಪ್ಪು ಬೇಕು, ಗಳಗಂಡ ತಪ್ಪಿದ್ದು ಅದರಿಂದಲೇ. ಆದರೆ ಕೊಡುವುದೇ ಆದರೆ ಇನ್ನೊಂದು ದಾರಿ ಇದೆ. ಉಪ್ಪಿನಲ್ಲಿರುವ ಸೋಡಿಯಂನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಸೇರಿಸಿದ ಉಪ್ಪು ಬರುತ್ತದೆ. ಚೀನಾದಲ್ಲಿ 600 ಹಳ್ಳಿಗಳ ಸುಮಾರು 21 ಸಾವಿರ ಜನರ ಮೇಲೆ ಇದನ್ನು ಪರೀಕ್ಷಿಸಿದರು. ಲಕ್ವ ಹೊಡೆದವರೋ, ಬಿಪಿ ಇದ್ದ ವಯಸ್ಸಾದವರೋ ಆಗಿದ್ದರು ಅವರು. 2021ರಲ್ಲಿ ಫಲಿತಾಂಶ ಬಂದಾಗ, ಈ ಉಪ್ಪು ಬಳಸಿದ ಹಳ್ಳಿಗಳಲ್ಲಿ ಲಕ್ವ ಶೇ 14ರಷ್ಟು ಕಡಿಮೆಯಾಗಿತ್ತು, ಸಾವು ಶೇ 12ರಷ್ಟು. ವಿಶ್ವ ಆರೋಗ್ಯ ಸಂಸ್ಥೆಯೂ 2025ರ ಜನವರಿಯಲ್ಲಿ ಮನೆಯ ಅಡುಗೆಗೆ ಇಂಥ ಉಪ್ಪನ್ನು ಶಿಫಾರಸು ಮಾಡಿದೆ. ಕಿಡ್ನಿ ತೊಂದರೆ ಇದ್ದವರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ಆ ಶಿಫಾರಸು ಅನ್ವಯಿಸುವುದಿಲ್ಲ. ನಮ್ಮಲ್ಲಿ ಕಿಡ್ನಿ ಕೆಟ್ಟಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ, ಹಾಗಾಗಿ ರಾಜ್ಯಕ್ಕೆಲ್ಲ ಒಂದೇ ಸಲ ಹಂಚಿಬಿಡಿ ಎಂದು ನಾನು ಹೇಳುವುದಿಲ್ಲ. ವೈದ್ಯರ ಕಣ್ಗಾವಲಿನಲ್ಲಿ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿ, ಒಂದು ಕಡೆ ಮಾಡಿ ನೋಡಬಹುದಲ್ಲವೇ?

ಇನ್ನು ನಡಿಗೆ.

ಐವತ್ತರ ಆಸುಪಾಸಿನ ಒಬ್ಬ ತಾಯಿಗೆ ದಿನಾ ಅರ್ಧ ಗಂಟೆ ವಾಕಿಂಗ್ ಮಾಡವ್ವ ಎಂದೆ. ಅವರು ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ, ನಿಧಾನವಾಗಿ ವಿವರಿಸಿದರು. 'ಎಲ್ಲಿ ಮಾಡ್ಲಿ ಹೇಳಿ ಸಿಸ್ಟ್ರೇ. ಬೆಳಿಗ್ಗೆ ಎದ್ದು ಹಾಲು ಕರೆದು ಡೈರಿಗೆ ಹಾಕ್ಬೇಕು. ಆಮೇಲೆ ಮಕ್ಳು, ಅಡುಗೆ. ಸಂಜೆ ರೋಡಿಗಿಳಿದ್ರೆ ಲಾರಿ, ಬಸ್ಸು ಮೈಮೇಲೇ ಬರ್ತವೆ, ಪಕ್ಕಕ್ಕೆ ಸರಿಯೋಣ ಅಂದ್ರೆ ಚರಂಡಿ. ಕತ್ತಲಾದ್ರೆ ನಾಯಿ. ಸ್ಕೂಲ್ ಫೀಲ್ಡಿಗೆ ಬೀಗ. ಸುಮ್ನೆ ತಿರುಗಾಡಿದ್ರೆ ಇವ್ಳಿಗೇನು ಮನೇಲಿ ಕೆಲ್ಸ ಇಲ್ವಾ ಅಂತಾರೆ ಜನ.' ಇದಕ್ಕೆ ನರ್ಸ್ ಏನು ಉತ್ತರ ಕೊಡಬೇಕು? ಅವರ ಮಾತಿನಲ್ಲಿ ಸೋಮಾರಿತನದ ಸುಳಿವೂ ಇರಲಿಲ್ಲ. ಲೋಕೋಪಯೋಗಿ ಇಲಾಖೆ, ಪಂಚಾಯಿತಿ, ಶಿಕ್ಷಣ ಇಲಾಖೆ ಮೂರಕ್ಕೂ ಸೇರಿದ ಪ್ರಶ್ನೆಗಳನ್ನು ಅವರು ಬಿಪಿ-ಶುಗರ್ ರೂಮಿನಲ್ಲಿ ನನ್ನ ಮುಂದಿಟ್ಟಿದ್ದರು.

ಮನೆಗೆಲಸವೇ ವ್ಯಾಯಾಮವಲ್ಲವೇ ಎನ್ನುವವರಿದ್ದಾರೆ. ಬಾವಿಯಿಂದ ನೀರು ಸೇದಿ, ರಾಗಿ ಬೀಸಿ, ಹೊಲಕ್ಕೆ ಬುತ್ತಿ ಹೊತ್ತು ನಡೆಯುತ್ತಿದ್ದ ಕಾಲಕ್ಕೆ ಆ ಮಾತು ಸರಿ. ಈಗ ಹಳ್ಳಿಯಲ್ಲೂ ನಲ್ಲಿ ಬಂದಿದೆ, ಮಿಕ್ಸಿ ಬಂದಿದೆ, ಹೊಲಕ್ಕೆ ಮಗನ ಬೈಕು. ಹೆಂಗಸರ ಹೊರೆ ಹಗುರಾದದ್ದು ಒಳ್ಳೆಯದೇ, ಹಳೆಯ ಕಷ್ಟ ಯಾರಿಗೂ ಬೇಡ. ಆದರೆ ದಣಿವು ಉಳಿದಿದೆ, ಓಡಾಟ ಹೋಗಿದೆ. 2024ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ ಸಾಕಷ್ಟು ಮೈ ಆಡಿಸುತ್ತಿಲ್ಲ. ಗಂಡಸರಲ್ಲಿ ಅದು ಶೇ 42, ಹೆಂಗಸರಲ್ಲಿ ಶೇ 57. ಈ ವ್ಯತ್ಯಾಸಕ್ಕೆ ಕಾರಣವನ್ನು ಆ ತಾಯಿ ನನಗೆ ಆಗಲೇ ಹೇಳಿಬಿಟ್ಟಿದ್ದರು.

ಬೇಕಾದದ್ದು ದೊಡ್ಡ ಕ್ರೀಡಾಂಗಣವಲ್ಲ. ಸರ್ಕಾರಿ ಶಾಲೆ, ಕಾಲೇಜಿನ ಮೈದಾನದ ಬೀಗ ಬೆಳಿಗ್ಗೆ ಪಾಠಕ್ಕೆ ಮೊದಲು, ಸಂಜೆ ಪಾಠದ ನಂತರ ತೆರೆದಿರಲಿ. ಸಂಜೆ ಒಂದು ಹೊತ್ತು ಹೆಂಗಸರಿಗೆಂದೇ ಇರಲಿ, ಎರಡು ದೀಪ ಇರಲಿ. ಊರೊಳಗಿಂದ ಹಾದುಹೋಗುವ ರಸ್ತೆಯನ್ನು ಅಗಲ ಮಾಡುವಾಗ ಅಂಚಿನಲ್ಲಿ ಕಾಲುದಾರಿ ಬಿಡಲಿ. ರಸ್ತೆಗೆ ಟೆಂಡರ್ ಕರೆಯುವಾಗಲೇ ಅದು ಬರೆದಿರಬೇಕು, ಆಮೇಲೆ ಜಾಗ ಇರುವುದಿಲ್ಲ. ವಾರಕ್ಕೊಮ್ಮೆ ಸೇರುವ ಸ್ತ್ರೀಶಕ್ತಿ ಸಂಘಗಳಿವೆ. ಒಬ್ಬಳೇ ನಡೆದರೆ ಆಡಿಕೊಳ್ಳುವ ಊರು, ಹತ್ತು ಜನ ಒಟ್ಟಿಗೆ ನಡೆದರೆ ಸುಮ್ಮನಾಗುತ್ತದೆ. ಕೋಲಾಟದ ತಂಡಗಳು ನಮ್ಮ ಕಡೆ ಇನ್ನೂ ಇವೆ. ಒಂದು ತಾಸು ಕೋಲಾಟ ಆಡಿದವರ ಬೆವರು ನೋಡಿದವರಿಗೆ ಅದು ಎಂಥ ವ್ಯಾಯಾಮವೆಂದು ಗೊತ್ತು.

ವ್ಯಾಯಾಮದ ಒಳಗುಟ್ಟನ್ನೂ ಜನರಿಗೆ ಸರಿಯಾಗಿ ಹೇಳಬೇಕು. ಊಟವಾದ ಮೇಲೆ ರಕ್ತಕ್ಕೆ ಬಂದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಮಾಂಸಖಂಡ. ಸುಮ್ಮನೆ ಕೂತಾಗ ಅದಕ್ಕೆ ಇನ್ಸುಲಿನ್‌ನ ಅಪ್ಪಣೆ ಬೇಕು. ಖಂಡ ದುಡಿಯುತ್ತಿರುವಾಗ ಇನ್ಸುಲಿನ್ ಕೊರತೆಯಿದ್ದರೂ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಊಟವಾದ ಕೂಡಲೇ ಹತ್ತು ಹದಿನೈದು ನಿಮಿಷ ಅಂಗಳದಲ್ಲೇ ಓಡಾಡಿದರೂ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ವಾರಕ್ಕೆ 150 ನಿಮಿಷ ಚುರುಕಿನ ನಡಿಗೆ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಖಂಡಕ್ಕೆ ಕೆಲಸ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಎರಡನೆಯದನ್ನು ನಮ್ಮ ಆಸ್ಪತ್ರೆಗಳಲ್ಲಿ ಯಾರೂ ಹೇಳುವುದೇ ಇಲ್ಲ. ಅದಕ್ಕೆ ಜಿಮ್ ಬೇಕಿಲ್ಲ. ಗರಡಿ ಮನೆಯ ಬಸ್ಕಿ ಸಾಕು. ಮಂಡಿನೋವಿದ್ದವರು ಕುರ್ಚಿಯ ಮೇಲೆ ಕೂತು ಏಳುವ ಬಸ್ಕಿ ಮಾಡಬಹುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯಬಹುದು. ಮೈಸೂರಿನಂಥ ಗರಡಿಗಳ ಊರು ಇರುವ ರಾಜ್ಯದಲ್ಲಿ ಇದನ್ನು ಹೇಳಿಕೊಡುವವರಿಗೆ ಬರವಿಲ್ಲ.

ಶಾಲೆಯ ಆಟದ ಪೀರಿಯಡ್ಡನ್ನು ಗಣಿತಕ್ಕೆ, ವಿಜ್ಞಾನಕ್ಕೆ ಬಿಟ್ಟುಕೊಡುವುದು ನಿಲ್ಲಬೇಕು. ದೈಹಿಕ ಶಿಕ್ಷಕರಿಲ್ಲದ ಶಾಲೆಗಳಿಗೆ ಶಿಕ್ಷಕರು ಬರಬೇಕು. ಆಟೊ, ಟ್ಯಾಕ್ಸಿ ನಿಲ್ದಾಣಗಳಿಗೇ ಹೋಗಿ ಬಿಪಿ ನೋಡುವ, ಬೀಡಿ, ಸಿಗರೇಟು, ಗುಟ್ಕಾ ಬಿಡಿಸುವ ತಂಡ ಬೇಕು. ದಿನವಿಡೀ ಸ್ಟೀರಿಂಗ್ ಹಿಡಿದು ಕೂತವರು ದಿನದ ದುಡಿಮೆ ಬಿಟ್ಟು ಆಸ್ಪತ್ರೆಗೆ ಬರುವುದಿಲ್ಲ.

ತಾಯಂದಿರ ವಿಷಯ ಹೇಳದೆ ಮುಗಿಸಲಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುವ ಕಡೆ, 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದವನ್ನೆಲ್ಲ ಬರೆದಿಟ್ಟಿದ್ದರು. ಎಷ್ಟೋ ವರ್ಷಗಳ ನಂತರ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, ಆಗ ಹುಟ್ಟಿದವರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡೂವರೆ ಕಿಲೊಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ, ಮೂರು ಕಿಲೊಗಿಂತ ಹೆಚ್ಚಿದ್ದು ಹುಟ್ಟಿದವರಲ್ಲಿ 3 ಜನರಿಗೆ. ಹೆರಿಗೆ ವಾರ್ಡಿನಲ್ಲಿ ಮಗುವಿನ ತೂಕ ಹಿಡಿದು ಬರೆದ ಆ ನರ್ಸ್‌ಗಳು ಯಾರೋ, ಅವರ ಬಗ್ಗೆ ನನಗೆ ತುಂಬಾ ಗೌರವ. ಅವರ ಕೈಬರಹದಿಂದಲೇ ಗೊತ್ತಾಯಿತು, ಐವತ್ತು ವರ್ಷಕ್ಕೆ ಬರುವ ಕಾಯಿಲೆಯ ಬೀಜ ಬಸುರಿನಲ್ಲೇ ಬೀಳಬಹುದು ಎಂದು. 2017ರ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುತ್ತಿರುವುದು ಹೃದಯಾಘಾತವನ್ನು ತಡೆಯುವ ಯೋಜನೆಯೂ ಹೌದೆಂದು ತಾವು ಎಣಿಸಬೇಕು. ಆ ತಟ್ಟೆಯಲ್ಲೂ ಕಾಳು, ಸೊಪ್ಪು, ಮೊಟ್ಟೆ ಕಡಿಮೆಯಾಗಬಾರದು.

ಎಲ್ಲವನ್ನೂ ನಾಳೆಯೇ ಮಾಡಿ ಎಂದು ನಾನು ಕೇಳುತ್ತಿಲ್ಲ. ಹಾಸನ ಜಿಲ್ಲೆಯ ಒಂದೇ ಒಂದು ತಾಲ್ಲೂಕನ್ನು ಆರಿಸಿಕೊಳ್ಳಿ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಾಡಿದ ತಪಾಸಣೆಯಲ್ಲಿ ಬಾರ್ಡರಿನಲ್ಲಿ ಸಿಕ್ಕವರಿಗೆ ಪ್ರತ್ಯೇಕ ಪಟ್ಟಿ ಮಾಡಿಸಿ. ಅವರ ಮನೆಗೆ ಹೋಗುವ ಕಿಟ್ಟಿನಲ್ಲಿ ಸಕ್ಕರೆಯ ಬದಲು ಹುರುಳಿ, ಅಲಸಂದೆ ಇರಲಿ, ಉಪ್ಪು ಅರ್ಧಕ್ಕಿಳಿಯಲಿ, ರಾಗಿ ವರ್ಷವಿಡೀ ಬರಲಿ, ಶಾಲೆಯ ಮೈದಾನ ತೆರೆಯಲಿ. ಶುರು ಮಾಡುವ ದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಬಿಪಿ ನೋಡಿ, ಸೊಂಟದ ಸುತ್ತಳತೆ ಹಿಡಿಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ. ಅದಕ್ಕೆ ಯಂತ್ರ ಬೇಡ, ದರ್ಜಿಯ ಟೇಪು ಸಾಕು. ವರ್ಷ ತುಂಬಿದ ಮೇಲೆ ಮತ್ತೆ ನೋಡಿ, ಫಲಿತಾಂಶ ಏನೇ ಬರಲಿ ಜನರ ಮುಂದೆ ಇಡಿ.

ಅದಕ್ಕೂ ಮೊದಲು, ಕಿಟ್ಟಿನ ಪಟ್ಟಿಗೆ ಸಹಿ ಹಾಕುವ ಮುನ್ನ ಎರಡೂ ಇಲಾಖೆಗಳು ಒಂದು ಮೇಜಿನ ಸುತ್ತ ಕೂರಲಿ, ಪೋಷಣಾ ತಜ್ಞರನ್ನೂ ಒಬ್ಬ ಎನ್‌ಸಿಡಿ ನರ್ಸನ್ನೂ ಜೊತೆಗೆ ಕೂರಿಸಿಕೊಳ್ಳಲಿ. ಈ ಪತ್ರಕ್ಕೆ ಉತ್ತರವನ್ನು ನನಗೆ ಪ್ರತ್ಯೇಕವಾಗಿ ಬರೆಯುವುದು ಬೇಡ, ಪತ್ರಿಕೆಗಳ ಮೂಲಕ ಎಲ್ಲರಿಗೂ ತಿಳಿಸಿ. ತಾಲ್ಲೂಕು ಯಾವುದೆಂದು ತೀರ್ಮಾನವಾದರೆ, ಟೇಪು, ಬಿಪಿ ಯಂತ್ರ ಹಿಡಿದು ಮನೆಮನೆಗೆ ಹೋಗಲು ನಮ್ಮಂಥ ನಿವೃತ್ತ ನರ್ಸ್‌ಗಳು ಸಂಬಳವಿಲ್ಲದೆ ಬರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ
ಹಾಸನ ಜಿಲ್ಲೆ